ಜಿಂಕೆ ಬಾಗಿಲಿನ ಅಗುಳಿ

ಮೃಗಾಲಯದ ಕೆಲಸಗಾರರಿಗೆ ಹೆತ್ತವರು ಇಟ್ಟ ಹೆಸರು ಆಸ್ಪತ್ರೆಯಲ್ಲೋ ಕಚೇರಿಯಲ್ಲೋ ಕೇಳಿದಾಗ ಮಾತ್ರ ನೆನಪಿಗೆ ಬರುತ್ತಿತ್ತು. ಉಳಿದ ಹೊತ್ತಿನಲ್ಲಿ ಯಾರು ಯಾವ ಪ್ರಾಣಿಯನ್ನು ನೋಡಿಕೊಳ್ಳುತ್ತಾರೋ ಅದೇ ಅವರ ಹೆಸರು. ಹುಲಿಯನ್ನು ನೋಡಿಕೊಳ್ಳುವವನು ಹುಲಿಯಣ್ಣ. ಆನೆಗಳನ್ನು ನೋಡಿಕೊಳ್ಳುವ ಮುದುಕ ಆನೆಯಜ್ಜ. ಮೊಸಳೆ ಕೊಳದವನಿಗೆ ಅಣ್ಣ ಅಜ್ಜ ಎಂಬ ಬಾಲವೂ ಇರಲಿಲ್ಲ, ಅವನು ಬರೀ ಮೊಸಳೆ. ಮನೆಯ ಹೆಂಗಸರಿಗೂ ಅದೇ ಹೆಸರು ಅಂಟಿಕೊಳ್ಳುತ್ತಿತ್ತು. ಕರಡಿ ನೋಡಿಕೊಳ್ಳುವವನ ಹೆಂಡತಿಯಾಗಿ ಬಂದ ಹೊಸದರಲ್ಲಿ ನಲ್ಲಿಯ ಹತ್ತಿರ ಯಾರೋ "ಕರಡಿಯಕ್ಕ, ಕೊಡ ಸರಿಸಿ" ಎಂದಾಗ ಅವಳು ಒಳಗೆ ಬಂದು ಅತ್ತಿದ್ದಳು. ಈಗ ತಲೆಗೂದಲು ಬೆಳ್ಳಗಾಗಿ, ಗಂಡ ಮಣ್ಣು ಸೇರಿ, ಕರಡಿಯನ್ನು ಬೇರೆ ಯಾರೋ ನೋಡಿಕೊಳ್ಳುತ್ತಿದ್ದರೂ ಅವಳು ಕರಡಿಯಕ್ಕನೇ.

ಆ ಕೆಲಸಗಾರರಲ್ಲಿ ಒಂದು ಪದ್ಧತಿಯಿತ್ತು. ಬೆಳಗಿನ ಕೆಲಸ ಮುಗಿದು ಎಲ್ಲರೂ ತಮ್ಮ ಕೋಣೆಯಲ್ಲಿ ಸೇರಿದಾಗ ಚಹಾದ ಮೊದಲ ಲೋಟ ಹುಲಿಯಣ್ಣನದು. ಆಮೇಲೆ ಆನೆ, ಆಮೇಲೆ ಮೊಸಳೆ, ಆಮೇಲೆ ಕರಡಿ. ಹೀಗೆ ಪ್ರಾಣಿಯ ಅಪಾಯ ಇಳಿದ ಹಾಗೆಲ್ಲ ಚಹಾದ ಬಿಸಿಯೂ ಇಳಿದು, ಕೊನೆಯ ಲೋಟ ಜಿಂಕೆಯವನಿಗೆ ಸಿಗುವಷ್ಟರಲ್ಲಿ ಮೇಲೆ ಕೆನೆ ಕಟ್ಟಿರುತ್ತಿತ್ತು. ಯಾರು ಯಾರಿಗಿಂತ ಮುಂದೆ ಎನ್ನುವುದಕ್ಕೆ ದಿನವೂ ವಾದ. ನನ್ನ ಆನೆ ಕಾಲಿಟ್ಟರೆ ನಿನ್ನ ಹುಲಿ ಚಾಪೆಯಾದೀತು ಎಂದು ಒಬ್ಬ, ನಿನ್ನ ಆನೆ ಬಾಳೆಹಣ್ಣು ತೋರಿಸಿದರೆ ಮಗುವಿನ ಹಿಂದೆಯೂ ಹೋದೀತು ಎಂದು ಇನ್ನೊಬ್ಬ. ಕರಡಿಯಕ್ಕನ ಗಂಡ ಈ ವಾದಕ್ಕೆ ಸೇರುತ್ತಿರಲಿಲ್ಲ. "ನನ್ನ ಕರಡಿಗೆ ಯಾರ ಮೇಲೂ ಹಗೆಯಿಲ್ಲಪ್ಪ, ಬೆಲ್ಲ ಸಿಕ್ಕರೆ ಸಾಕು" ಎಂದು ಸಿಕ್ಕ ಲೋಟ ಕುಡಿದು ಏಳುತ್ತಿದ್ದ.

ವಾದ ಚಹಾದ ಮಟ್ಟಿಗೆ ಇದ್ದಿದ್ದರೆ ಯಾರಿಗೇನು. ಅದೇ ಎಣಿಕೆ ಬಾಗಿಲುಗಳ ತನಕ ಹೋಗಿತ್ತು. ಅಪಾಯದ ಪ್ರಾಣಿಯ ಅಂಗಳಕ್ಕೆ ಒಬ್ಬನೇ ಹೋಗುವ ಹಾಗಿಲ್ಲ. ಒಬ್ಬ ಒಳಗೆ ಹೋದರೆ ಇನ್ನೊಬ್ಬ ಬಾಗಿಲಲ್ಲಿ ಅಗುಳಿ ಹಿಡಿದು ನಿಲ್ಲಬೇಕು. ಒಳಗಿನವನು ತಲೆ ಬಗ್ಗಿಸಿ ಕೆಲಸ ಮಾಡುವಾಗ ಪ್ರಾಣಿಯ ಮೇಲೆ ಕಣ್ಣಿಡುವವನು ಇವನು. ಪ್ರಾಣಿ ತಿರುಗಿತೆಂದರೆ ಕೂಗಬೇಕು, ಒಳಗಿನವನು ಓಡಿ ಬಂದ ಕೂಡಲೇ ಅಗುಳಿ ಬೀಳಿಸಬೇಕು. ಹುಲಿಯ ಬಾಗಿಲಿಗೆ ಅಂಥವರು ಇಬ್ಬರು. ಆನೆಗೆ, ಮೊಸಳೆಗೆ, ಕರಡಿಗೆ ಒಬ್ಬೊಬ್ಬರು. ಜಿಂಕೆಯ ಬಾಗಿಲಿಗೆ ಯಾರೂ ಇಲ್ಲ. ಜಿಂಕೆಗೆ ಅಗುಳಿಯವನನ್ನು ಕೇಳುವುದೆಂದರೆ ನಾಲ್ಕು ಜನರ ನಡುವೆ ಮೂಗು ಕೊಯ್ಸಿಕೊಂಡ ಹಾಗೆ.

ಜಿಂಕೆಗಳನ್ನು ನೋಡಿಕೊಳ್ಳುತ್ತಿದ್ದವನು ಕರಡಿಯಕ್ಕನ ಸ್ವಂತ ತಮ್ಮ. ಗಂಡನೇ ಹೇಳಿ ಕೇಳಿ ಅವನನ್ನು ಕೆಲಸಕ್ಕೆ ಸೇರಿಸಿದ್ದ. ಮಳೆಗಾಲ ಮುಗಿದು ಗಂಡು ಜಿಂಕೆಗಳಿಗೆ ಮದವೇರುವ ಕಾಲದಲ್ಲಿ ಒಂದು ದಿನ ತಮ್ಮನಿಗೆ ದವಡೆ ಹಲ್ಲು ಕೀಳಿಸಬೇಕಾಯಿತು. "ನೀನು ಹೋಗಿ ಬಾ, ಹುಲ್ಲು ನಾನು ಹಾಕ್ತೀನಿ" ಎಂದ ಭಾವ. ಕರಡಿಗೆ ಹಾಕಿ ಮುಗಿಸಿ, ಹುಲ್ಲಿನ ಹೊರೆ ಹೊತ್ತು ಒಬ್ಬನೇ ಒಳಗೆ ಹೋದ. ಹೊರೆ ಬಿಚ್ಚಲು ಬಗ್ಗಿದಾಗ ದೊಡ್ಡ ಕೊಂಬಿನ ಗಂಡು ಹಿಂದಿನಿಂದ ಬಂತು. ದಾರಿ ಗುಡಿಸುತ್ತಿದ್ದ ಹೆಂಗಸು ನೋಡಿ ಕಿರುಚುವಷ್ಟರಲ್ಲಿ ಎಲ್ಲ ಮುಗಿದುಹೋಗಿತ್ತು.

ಇದು ನಡೆದು ತಿಂಗಳು ಕಳೆದ ಮೇಲೆ ಒಂದು ಭಾನುವಾರ ಮಧ್ಯಾಹ್ನ ಹುಲಿಯಣ್ಣ, ಆನೆಯಜ್ಜ, ಮೊಸಳೆ ಮೂವರೂ ಒಗೆದ ಅಂಗಿ ತೊಟ್ಟು ಕರಡಿಯಕ್ಕನ ಮನೆಗೆ ಬಂದರು. ಬಂದವರಿಗೆ ಎರಡು ಕುರ್ಚಿ, ಒಂದು ಮಂಚ. ತಮ್ಮ ಆಗಲೇ ಬಂದು ಬಾಗಿಲ ಪಕ್ಕ ನೆಲದ ಮೇಲೆ ಕೂತಿದ್ದ. ಭಾವ ಸತ್ತಾಗಿನಿಂದ ಆ ಮನೆಯಲ್ಲಿ ಅವನು ಕುರ್ಚಿ ಮುಟ್ಟಿರಲಿಲ್ಲ.

ಹುಲಿಯಣ್ಣ ಗಂಟಲು ಸರಿಮಾಡಿಕೊಂಡ. "ಅತ್ತಿಗೆ, ಅಣ್ಣನ ಪಟ ದೊಡ್ಡದು ಮಾಡಿಸಿದೀವಿ. ನಮ್ಮ ಕೋಣೇಲಿ ಹಾಕ್ಬೇಕು ಅಂತ. ಕೆಳಗೆ ಎರಡು ಸಾಲು ಬರೆಸೋದಿದೆ. ಅದಕ್ಕೇ ನಿಮ್ಮನ್ನ ಒಂದು ಮಾತು ಕೇಳೋಣ ಅಂತ ಬಂದ್ವಿ."

"ಕೇಳೋಕೇನಿದೆ? ಏನು ನಡೀತೋ ಅದನ್ನ ಬರೆಸಿ."

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಅಲ್ಲೇ ಅಕ್ಕ ತೊಡಕು" ಎಂದ ಮೊಸಳೆ. "ಜಿಂಕೆ ಅಂತ ಬರೆಸಿದ್ರೆ ಓದಿದವರು ಏನಂದ್ಕೋತಾರೆ ಹೇಳಿ. ಜೀವಮಾನ ಪೂರ್ತಿ ಕರಡಿ ಜೊತೆ ಕಳೆದ ಮನುಷ್ಯ. ಕೊನೆಗೆ ನೋಡಿದ್ರೆ ಜಿಂಕೆ."

"ಜಿಂಕೆ ಅಂದ್ರೆ ಮಕ್ಕಳ ಹಾಸಿಗೆ ಮೇಲೆ ಅಚ್ಚು ಹಾಕಿರೋ ಪ್ರಾಣಿ, ತಾಯಿ" ಎಂದು ಆನೆಯಜ್ಜ ಮೆಲ್ಲಗೆ ಸೇರಿಸಿದ. "ನಮಗೆ ಗೊತ್ತು ಅವನು ಎಂಥವನು ಅಂತ. ನೋಡೋಕೆ ಬರೋ ಹೊಸಬರಿಗೆ ಗೊತ್ತಾ?"

"ಅದಕ್ಕೆ ಏನು ಮಾಡೋಣ ಅಂತೀರಿ?"

"ಕರಡಿ ಅಂತ ಬರೆಸೋಣ" ಎಂದ ಹುಲಿಯಣ್ಣ. "ಕಚೇರಿ ಕಾಗದದಲ್ಲಿ ಏನಿದ್ರೂ ಇರಲಿ. ಇದು ನಮ್ಮ ಕೋಣೆ ಗೋಡೆ. ಕರಡಿ ಜೊತೆ ಹೋರಾಡಿ ಪ್ರಾಣ ಬಿಟ್ಟ ಅಂದ್ರೆ ಒಂದು ತೂಕ ಇರತ್ತೆ."

ಕರಡಿಯಕ್ಕನಿಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದಾಗ ಕಿವಿಯಿಂದ ಕುತ್ತಿಗೆಯ ತನಕ ಬಿಸಿಯಾಯಿತು. ಆ ಕರಡಿಯನ್ನು ಗಂಡ ಕೈಯಲ್ಲಿ ಹಾಲು ಕುಡಿಸಿ ಸಾಕಿದ್ದ. ಮರಿಯಿದ್ದಾಗ ಅದಕ್ಕೆ ಭೇದಿ ಹತ್ತಿದರೆ ಮನೆಯ ಹಳೆಯ ಸೀರೆ ಒಯ್ದು ಹಾಸಿದ್ದ. ಅವನು ಹೋದ ಮೇಲೆ ಅದು ಬಾಗಿಲ ಕಡೆ ಮುಖ ಮಾಡಿ ಮಲಗುತ್ತದಂತೆ. ಬಾಯಿ ಬಾರದ ಪ್ರಾಣಿಯ ತಲೆಗೆ ಕೊಲೆ ಕಟ್ಟುತ್ತೇವೆ ಎಂದು ಒಗೆದ ಅಂಗಿ ಹಾಕಿಕೊಂಡು ಹೇಳಲು ಬಂದಿದ್ದಾರೆ.

ಅವಳು ಬಾಯಿ ತೆರೆಯುವ ಮೊದಲೇ ಆನೆಯಜ್ಜ ತಲೆಯಾಡಿಸಿದ. "ಕರಡಿ ಅಂದ್ರೂ ಏನು ಮಹಾ? ಕರಡೀನ ಕುಣಿಸಿ ಹೊಟ್ಟೆ ಹೊರೆದವರಿದ್ರು ಹಿಂದೆ. ಹಾಗೆ ನೋಡಿದ್ರೆ ಆನೆ ಅಂತಲೇ..."

"ನಿಮ್ಮ ಆನೆ ಮೇಲೂ ಸವಾರಿ ಮಾಡ್ತಿದ್ರು ಅಜ್ಜ" ಎಂದ ಹುಲಿಯಣ್ಣ. ಆಮೇಲೆ ಮೀಸೆಯ ಮೇಲೆ ಒಮ್ಮೆ ಕೈಯಾಡಿಸಿ, ಸ್ವಂತ ಮನೆಯ ಒಂದು ಕೋಣೆಯನ್ನೇ ಬಿಟ್ಟುಕೊಡುವವನ ಹಾಗೆ ದನಿ ತಗ್ಗಿಸಿದ. "ಅತ್ತಿಗೆ, ನಿಮಗೆ ಬೇಕು ಅನ್ನಿಸಿದ್ರೆ ನನ್ನ ಹುಲಿ ಹೆಸರು ಹಾಕ್ಕೊಳ್ಳಿ. ಬೇರೆ ಯಾರಿಗೂ ನಾನು ಈ ಮಾತು ಹೇಳ್ತಿರಲಿಲ್ಲ."

ಅವನ ಕಣ್ಣಲ್ಲಿ ನೀರಿತ್ತು. ಅದೇ ಅವಳಿಗೆ ಇನ್ನಷ್ಟು ಉರಿ ಹತ್ತಿಸಿತು. ಕೆಟ್ಟ ಮನಸ್ಸಿನಿಂದ ಹೇಳಿದ್ದರೆ ಉಗಿದು ಕಳಿಸಬಹುದಿತ್ತು.

"ಹುಲಿ ಏನು ದೊಡ್ಡದು" ಎಂದು ಮೊಸಳೆ ಮಂಚದ ಮೇಲೆ ಮುಂದಕ್ಕೆ ಸರಿದ. "ಹೊಟ್ಟೆ ತುಂಬಿದ್ರೆ ಬೆಕ್ಕು. ಒಂದು ಹೊತ್ತು ಮಾಂಸ ತಡವಾದ್ರೆ ಊರಿಗೆಲ್ಲ ಕೇಳೋ ಹಾಗೆ ಅಳತ್ತೆ. ನನ್ನ ಮೊಸಳೆ ತಿಂಗಳುಗಟ್ಟಲೆ ಉಪವಾಸ ಇದ್ರೂ ಸೊಲ್ಲೆತ್ತಲ್ಲ."

"ನಿನ್ನ ಮೊಸಳೆ ಮರದ ದಿಮ್ಮಿ ಕಣೋ. ಬದುಕಿದೆಯಾ ಅಂತ ನೋಡೋಕೆ ಜನ ಕಡ್ಲೆಕಾಯಿ ಎಸೀತಾರೆ" ಎಂದ ಹುಲಿಯಣ್ಣ.

"ನೀರಿಗೆ ಇಳಿದು ಹೇಳು ಆ ಮಾತನ್ನ."

"ಗಾತ್ರಕ್ಕೆ ಬೆಲೆ ಇಲ್ವೇನ್ರೋ" ಎಂದ ಆನೆಯಜ್ಜ. "ಹುಲಿ ಹೊಂಚು ಹಾಕತ್ತೆ, ಮೊಸಳೆ ಅಡಗಿ ಕೂರತ್ತೆ. ಎರಡಕ್ಕೂ ಒಳಗೊಳಗೆ ಪುಕ್ಕಲು. ಆನೆ ಹಾಗಲ್ಲ, ಹೇಳಿ ಬರತ್ತೆ."

ಸತ್ತವನ ಮನೆ ಎನ್ನುವುದು ಮೂವರಿಗೂ ಮರೆತುಹೋಯಿತು. ಕುರ್ಚಿಗಳು ಹತ್ತಿರ ಸರಿದವು. ಹುಲಿಯಣ್ಣ ಹಲ್ಲಿನ ಉದ್ದ ತೋರಿಸಲು ಬೆರಳು ಚಾಚಿದ, ಮೊಸಳೆ ತನ್ನ ತುಂಡಾದ ಕಿರುಬೆರಳನ್ನು ಸಾಕ್ಷಿಗೆ ಎತ್ತಿ ಹಿಡಿದ. ನೆಲದ ಮೇಲೆ ಕೂತ ತಮ್ಮ ತನಗೂ ಇದಕ್ಕೂ ಸಂಬಂಧವಿಲ್ಲವೆಂಬಂತೆ ಚಾಪೆಯ ಕಡ್ಡಿ ಕೀಳುತ್ತಿದ್ದ. ಜಿಂಕೆಯವನಿಗೆ ಈ ವಾದದಲ್ಲಿ ಎಂದೂ ಬಾಯಿಯಿರಲಿಲ್ಲ.

"ಹುಲಿಯಣ್ಣ" ಎಂದಳು ಕರಡಿಯಕ್ಕ. ದನಿ ಎತ್ತಲಿಲ್ಲ. "ನಾಳೆ ಬೆಳಗ್ಗೆ ನಿಮ್ಮ ಹುಲಿ ಬಾಗಿಲಿಗೆ ಎಷ್ಟು ಜನ ನಿಲ್ತಾರೆ?"

"ಇಬ್ಬರು ಅತ್ತಿಗೆ. ಯಾವತ್ತೂ ಇಬ್ಬರು."

"ಅಜ್ಜ, ನಿಮಗೆ?"

"ಒಬ್ಬ ಇರ್ತಾನೆ ತಾಯಿ."

"ಜಿಂಕೆ ಬಾಗಿಲಿಗೆ?"

ಮೊಸಳೆಗೆ ತಡೆಯುವ ಮೊದಲೇ ನಗು ಬಂದುಬಿಟ್ಟಿತು. ಆಮೇಲೆ ಕೆಮ್ಮಿದ.

"ನಗು" ಎಂದಳು. "ನನ್ನ ಗಂಡನ್ನ ಕೊಂದಿದ್ದು ಜಿಂಕೆ. ಆ ಜಿಂಕೆ ಇನ್ನೂ ಅಲ್ಲೇ ಇದೆ, ಅದರ ಕೊಂಬೂ ಅಲ್ಲೇ ಇದೆ. ನಾಳೆ ಬೆಳಗ್ಗೆ ಅದರ ಹತ್ರ ಒಬ್ಬನೇ ಹೋಗೋನು ಇಗೋ ಇಲ್ಲಿ ನೆಲದ ಮೇಲೆ ಕೂತಿದಾನೆ. ನೀವು ಗೋಡೆ ಮೇಲೆ ಹುಲಿ ಅಂತ ಬರೆಸಿ, ಕರಡಿ ಅಂತ ಬರೆಸಿ. ಆಗ ಜಿಂಕೆ ಯಾರನ್ನೂ ಕೊಂದೇ ಇಲ್ಲ ಅಂತಾಯ್ತು. ಕೊಲ್ಲದೇ ಇರೋ ಪ್ರಾಣಿ ಬಾಗಿಲಿಗೆ ಯಾರು ಬಂದು ನಿಲ್ತಾರೆ?"

ಮೊಸಳೆ ಮಂಚದ ಮೇಲೆ ಹಿಂದಕ್ಕೆ ಸರಿದ.

"ನೀವು ಅವರಿಗೆ ಗೌರವ ಕೊಡೋಕೆ ಬಂದಿಲ್ಲ. ನಿಮ್ಮ ಸಾಲು ಹಿಂದೆಮುಂದೆ ಆಗದ ಹಾಗೆ ನೋಡ್ಕೊಳ್ಳೋಕೆ ಬಂದಿದೀರಿ. ಜಿಂಕೆ ಅಪಾಯ ಅಂತ ಒಪ್ಪಿಬಿಟ್ರೆ ನಿಮ್ಮ ಹುಲಿ ಆನೆಗಳ ಬಿಂಕ ಏನಾಗ್ಬೇಕು? ಚಹಾ ಕುಡಿದು ಹೊರಡಿ. ಪಟ ಆಮೇಲೆ ನೋಡೋಣ."

ಅವರು ಚಹಾ ಪೂರ್ತಿ ಕುಡಿಯದೆಯೇ ಎದ್ದರು. ಹೊಸ್ತಿಲು ದಾಟುವಾಗ ಆನೆಯಜ್ಜ ಮಾತ್ರ ತಿರುಗಿ, "ದುಃಖದಲ್ಲಿದಾಳೆ, ಬಿಡಿ" ಎಂದು ಉಳಿದಿಬ್ಬರಿಗೆ ಹೇಳಿದ್ದು ಅವಳಿಗೆ ಕೇಳಿಸಿತು. ದುಃಖವಂತೆ. ದುಃಖ ಬೇರೆ, ಅದು ತನ್ನ ಪಾಡಿಗೆ ಒಳಗಿತ್ತು. ಇದು ಕೋಪ, ಇದಕ್ಕೆ ತಲೆ ನೆಟ್ಟಗಿತ್ತು.

ಲೋಟಗಳನ್ನು ತಮ್ಮನೇ ತೊಳೆಯಲು ಒಯ್ದ. ಅವಳು ಅಡಿಗೆಮನೆಯ ಬಾಗಿಲಲ್ಲಿ ನಿಂತಳು.

"ನೀನ್ಯಾಕೆ ಬಾಯಿ ಬಿಡಲಿಲ್ಲ?"

"ಏನಂತ ಬಿಡ್ಲಿ ಅಕ್ಕ?"

"ನನಗೂ ಒಬ್ಬ ಬೇಕು ಅಂತ."

"ಕೇಳಿದ್ರೆ ಏನಂತಾರೆ ಗೊತ್ತಾ? ಮೊಲಕ್ಕೂ ಒಬ್ಬನ್ನ ಹಾಕೋಣ್ವಾ ಅಂತಾರೆ." ಅವನು ಲೋಟದ ಒಳಗೆ ಬೆರಳು ತಿರುಗಿಸುತ್ತಾ ನಿಂತ. "ಅದು ಈಗೀಗ ನನ್ನ ಕಂಡ್ರೆ ನೆಲ ಕೆದರತ್ತೆ. ನಾನು ಹುಲ್ಲು ಎಸೆದು ಓಡಿ ಬರ್ತೀನಿ. ಏನೂ ಆಗಲ್ಲ ಬಿಡು."

"ಭಾವನಿಗೂ ಏನೂ ಆಗಲ್ಲ ಅಂತಲೇ ಇತ್ತು."

ಅವನು ನಲ್ಲಿ ತಿರುಗಿಸಿ ಜೋರಾಗಿ ನೀರು ಬಿಟ್ಟ, ಅವಳ ಮಾತು ಕೇಳಿಸದಿರಲೆಂದು. ಬಾಲ್ಯದಲ್ಲೂ ಇವನು ಹೀಗೇ, ಬೈಗುಳಕ್ಕೆ ಕಿವಿ ಮುಚ್ಚಿ ಹಾಡು ಹೇಳುತ್ತಿದ್ದ. ತಾಯಿ ಇಲ್ಲದ ಇವನನ್ನು ಎತ್ತಿ ಆಡಿಸಿ ದೊಡ್ಡವನನ್ನಾಗಿ ಮಾಡಿದ್ದು ಮೂರು ಜನ ಮೀಸೆಯವರ ಬಿಂಕಕ್ಕೆ ಬಲಿ ಕೊಡಲಿಕ್ಕಲ್ಲ ಎಂದುಕೊಂಡಳು.

ಮರುದಿನ ಅವಳು ಮೃಗಾಲಯದ ಸಾಹೇಬರ ಕಚೇರಿಗೆ ಹೋದಳು. ಸಾಹೇಬರು ಎದ್ದು ನಿಂತು ಕುರ್ಚಿ ತೋರಿಸಿದರು, ನೀರು ತರಿಸಿದರು. ಗೋಡೆಯ ಮೇಲೆ ಶಾಲೆಯ ಮಕ್ಕಳಿಗಾಗಿ ಮಾಡಿಸಿದ ಬಣ್ಣದ ಹಾಳೆಯಿತ್ತು. ಜಗತ್ತಿನಲ್ಲಿ ಅತ್ಯಂತ ಅಪಾಯದ ಪ್ರಾಣಿ ಯಾವುದು ಎಂದು ಮೇಲೆ ದಪ್ಪಕ್ಷರ, ಕೆಳಗೆ ಹುಲಿ, ಸಿಂಹ, ನೀರಾನೆ, ಹಾವು. ಜಿಂಕೆಯ ಚಿತ್ರ ಹಾಳೆಯ ಅಂಚಿನ ಅಲಂಕಾರಕ್ಕೆ ಇತ್ತು.

ಅವಳ ಮಾತನ್ನು ಅವರು ಪೂರ್ತಿ ಕೇಳಿದರು. ಆಮೇಲೆ ಪೆನ್ನು ಮೇಜಿನ ಮೇಲೆ ನೇರ ಮಾಡಿ ಇಟ್ಟರು.

"ನೋಡಿ ಅಮ್ಮ, ಪ್ರಾಣಿಗಳಲ್ಲಿ ಮೂರು ದರ್ಜೆ ಇದೆ. ಮೊದಲನೇ ದರ್ಜೆಗೆ ಇಬ್ಬರು, ಎರಡನೇದಕ್ಕೆ ಒಬ್ಬರು. ಜಿಂಕೆ ಮೂರನೇ ದರ್ಜೆ. ಅದನ್ನ ಮೇಲಕ್ಕೆ ತರಬೇಕು ಅಂದ್ರೆ ಮೇಲಿನ ಕಚೇರಿಯಿಂದ ಒಪ್ಪಿಗೆ ಬರಬೇಕು. ಬರೆದು ಕೊಡಿ, ಕಳಿಸೋಣ."

"ಒಪ್ಪಿಗೆ ಬರೋ ತನಕ?"

"ಎಚ್ಚರಿಕೆಯಿಂದ ಇರೋಕೆ ಹೇಳಿದೀನಿ ನಿಮ್ಮ ತಮ್ಮನಿಗೆ."

"ಬೆನ್ನಿಗೆ ಕಣ್ಣಿಲ್ಲವಲ್ಲ ಸ್ವಾಮಿ ಅವನಿಗೆ."

ಸಾಹೇಬರು ನೊಂದವರ ಹಾಗೆ ನಕ್ಕರು. ಸಮಾಧಾನ ಹೇಳುವವರ ಹಾಗೆ ಗೋಡೆಯ ಹಾಳೆ ತೋರಿಸಿದರು. "ನಿಜ ಹೇಳ್ಬೇಕು ಅಂದ್ರೆ ಇವ್ಯಾವೂ ಅಲ್ಲ ಅಮ್ಮ. ಲೆಕ್ಕ ಹಾಕಿ ನೋಡಿದ್ರೆ ಎಲ್ಲಕ್ಕಿಂತ ಹೆಚ್ಚು ಜನರನ್ನ ಕೊಲ್ಲೋದು ಸೊಳ್ಳೆ. ಮಕ್ಕಳಿಗೆ ಕೊನೇಲಿ ಅದನ್ನ ಹೇಳಿದಾಗ ಎಲ್ಲಾ ಬಾಯಿ ಬಿಡ್ತಾರೆ."

ಕರಡಿಯಕ್ಕ ಅವರ ಮುಖವನ್ನೇ ನೋಡಿದಳು. ಇಷ್ಟು ಓದಿದವರು, ಇಷ್ಟು ಮೆತ್ತಗೆ ಮಾತಾಡುವವರು, ಇವರೂ ಆ ಚಹಾದ ಕೋಣೆಯ ಬೆಂಚಿನ ಮೇಲೆ ಬಂದು ಕೂತುಬಿಟ್ಟರಲ್ಲ.

"ನನ್ನ ಗಂಡನಿಗೆ ಸೊಳ್ಳೆ ಕಚ್ಚಿರಲಿಲ್ಲ" ಎಂದು ಎದ್ದು ಬಂದಳು. ನೀರಿನ ಲೋಟ ಮುಟ್ಟಲಿಲ್ಲ.

ಆ ಸಂಜೆ ದೇವರ ಮುಂದೆ ಕೂತಾಗ ಕೋಪ ಇಳಿಸು ತಂದೆ ಎಂದು ಬೇಡಬೇಕೆಂದಿದ್ದಳು. ಗಂಡ ಹೋದಂದಿನಿಂದ ಪ್ರಾರ್ಥನೆಯೇ ಅವಳನ್ನು ಹಿಡಿದು ನಿಲ್ಲಿಸಿತ್ತು. ಕಣ್ಣು ಮುಚ್ಚಿ, ಕೈ ಜೋಡಿಸಿ, ಅರ್ಧ ಮಾತಿಗೆ ನಿಲ್ಲಿಸಿದಳು. ಇಳಿದುಹೋದರೆ ನಾಳೆ ಬೆಳಗ್ಗೆ ಏಳಲು ಬೇರೆ ಯಾವ ಬಲವಿದೆ? ಕೋಪ ಇರಲಿ, ಅದರಿಂದ ಯಾರಿಗೂ ಕೆಡುಕಾಗದಿರಲಿ ಎಂದು ಬೇಡಿಕೊಂಡು ಎದ್ದಳು.

ಬೆಳಿಗ್ಗೆ ತಮ್ಮ ಮೃಗಾಲಯದ ಬಾಗಿಲು ದಾಟುವಾಗ ಅವಳು ಹಿಂದೆಯೇ ಇದ್ದಳು. ಕಾವಲುಗಾರ ಎಷ್ಟೋ ವರ್ಷದಿಂದ ಅವಳ ಕೈಯ ಊಟದ ಡಬ್ಬಿ ಒಳಗೆ ಕಳಿಸಿದವನು. ತಡೆಯಲು ಕೈ ಎತ್ತಿ, ಅವಳ ಮುಖ ನೋಡಿ, ಆ ಕೈಯಿಂದ ತಲೆ ಕೆರೆದುಕೊಂಡ.

"ಅಕ್ಕ, ಮರ್ಯಾದೆ ಹೋಗತ್ತೆ" ಎಂದ ತಮ್ಮ.

"ಹೋಗ್ಲಿ. ಜೀವ ಉಳಿದ್ರೆ ಮರ್ಯಾದೆ ಆಮೇಲೆ ಸಂಪಾದಿಸೋಣ. ಅಗುಳಿ ಎಲ್ಲಿದೆ ತೋರಿಸು."

ಜಿಂಕೆ ಅಂಗಳಕ್ಕೆ ಎರಡು ಬಾಗಿಲು, ನಡುವೆ ಒಬ್ಬರು ನಿಲ್ಲುವಷ್ಟು ಓಣಿ. ಒಳಬಾಗಿಲು ದಪ್ಪ ಹಲಗೆಯದು, ಎದೆಯ ಎತ್ತರಕ್ಕೆ ಕಬ್ಬಿಣದ ಅಗುಳಿ. ಅದನ್ನು ಎತ್ತಿ ಹಿಡಿದುಕೊಂಡು, ಬಾಗಿಲನ್ನು ಒಂದು ಮೈ ನುಸುಳುವಷ್ಟು ತೆರೆದು ನಿಲ್ಲಬೇಕು. ಗಂಡ ಮಾತಿಗೆ ಮಾತು ಬಂದಾಗ ಹೇಳುತ್ತಿದ್ದದ್ದು ಅವಳಿಗೆ ನೆನಪಿತ್ತು: ಅಗುಳಿ ಹಿಡಿದವನು ಕೆಮ್ಮು ಬಂದರೂ ಕಣ್ಣು ತೆಗೆಯಬಾರದು.

ಅಂದು ಏನೂ ಆಗಲಿಲ್ಲ. ದೊಡ್ಡ ಗಂಡು ದೂರದ ಗೋಡೆಯ ಬಳಿ ನಿಂತು, ಮಲಗಿದ್ದ ಹೆಣ್ಣುಗಳ ಕಡೆ ನೋಡುತ್ತಿತ್ತು. ಕತ್ತು ಮಡಕೆಯಂತೆ ಊದಿತ್ತು, ಮೈಗೆಲ್ಲ ಕೆಸರು ಬಳಿದುಕೊಂಡಿತ್ತು. ತಮ್ಮ ಹುಲ್ಲು ಹರಡಿ, ತೊಟ್ಟಿಗೆ ತೌಡು ಸುರಿದು ಬಂದ. ಅವಳ ಅಂಗೈಯಲ್ಲಿ ಅಗುಳಿಯ ಗುರುತು ಬಿದ್ದಿತ್ತು. ಅವಳಿಗೆ ಆ ಪ್ರಾಣಿಯ ಮೇಲೆ ಸಿಟ್ಟು ಬರಲಿಲ್ಲ. ದೇವರು ಅದಕ್ಕೆ ಕೊಟ್ಟ ಕಾಲದಲ್ಲಿ ಅದು ತನ್ನ ಬಾಳು ಬಾಳುತ್ತಿದೆ, ಅದು ಹೀಗೆ ಎಂದು ಒಪ್ಪಿಕೊಂಡು ಬಾಗಿಲಲ್ಲಿ ಒಬ್ಬ ನಿಂತಿದ್ದರೆ ಯಾರ ಮನೆಯ ದೀಪವೂ ಆರುತ್ತಿರಲಿಲ್ಲ.

ಸುದ್ದಿ ಹರಡಲು ಹೊತ್ತು ಹಿಡಿಯಲಿಲ್ಲ. ಕೋತಿಗಳನ್ನು ನೋಡಿಕೊಳ್ಳುವವನು ಬಕೆಟ್ ಹಿಡಿದು ಹಾದುಹೋಗುತ್ತಾ, "ಏನೋ, ಜಿಂಕೆ ಕಚ್ಚತ್ತೆ ಅಂತ ಅಕ್ಕನ್ನ ಕರ್ಕೊಂಡು ಬಂದ್ಯಾ?" ಎಂದ. ತಮ್ಮನ ಕಿವಿ ಕೆಂಪಗಾಯಿತು. ಅವಳು ಕಣ್ಣು ತೆಗೆಯದೆಯೇ, "ನಿನ್ನ ಕೋತಿಗೆ ಅಕ್ಕ ಇದ್ರೆ ಅದಕ್ಕಿಷ್ಟು ಬುದ್ಧಿ ಹೇಳಿಸು, ನಿನಗೂ ಸೇರಿಸಿ" ಎಂದಳು. ದಿನಾಲೂ ಹೋದಳು. ದಿನಾಲೂ ಬೇಲಿಯಾಚೆ ಒಬ್ಬರಾದರೂ ನಿಂತು ನೋಡಿ ನಕ್ಕು ಹೋದರು.

ಹಾಗೆ ಒಂದು ಬೆಳಗ್ಗೆ ಹುಲಿಯಣ್ಣನೇ ಬಂದ. ತನ್ನ ಕೆಲಸ ಮುಗಿಸಿ, ಕೈ ತೊಳೆದು, ಓಣಿಯೊಳಗೆ ಬಂದು ಅವಳ ಹಿಂದೆ ನಿಂತ. ತಮ್ಮ ಅಂಗಳದ ನಡುವೆ ಹೊರೆ ಬಿಚ್ಚುತ್ತಿದ್ದ.

"ಸಾಕು ಮಾಡಿ ಅತ್ತಿಗೆ. ಎಲ್ಲರೂ ಆಡ್ಕೊಂಡು ನಗ್ತಿದಾರೆ. ಅಣ್ಣನ ಹೆಸರು ಬೀದಿಗೆ ಬರ್ತಿದೆ."

"ಅವರ ಹೆಸರು ಯಾಕೆ ಬೀದಿಗೆ ಬರ್ಬೇಕು? ನಗೋರ ಹೆಸರು ಬರ್ಲಿ."

"ನಾನು ಹೇಳೋದು ಕೇಳಿ. ಅವತ್ತು ಆಗಿದ್ದು ಗ್ರಹಚಾರ. ಅಪಾಯದ ಪ್ರಾಣಿ ಅಂದ್ರೆ ಏನು ಅಂತ ನನಗೆ ಗೊತ್ತು. ಹುಲಿ ಕಣ್ಣಲ್ಲಿ ಕಣ್ಣಿಟ್ಟು ಕೆಲಸ ಮಾಡಿದೀನಿ. ಇದನ್ನ ಅದರ ಪಕ್ಕದಲ್ಲಿಟ್ಟು ಮಾತಾಡ್ಬೇಡಿ."

"ನಿಮ್ಮ ಹುಲಿ ಎಷ್ಟು ಜನರನ್ನ ಕೊಂದಿದೆ ಹುಲಿಯಣ್ಣ?"

"ನಾನಿರೋವಾಗ ಹೇಗೆ ಕೊಲ್ಲತ್ತೆ?"

"ನೀವಿದೀರಿ ಅಂತಲ್ಲ. ಬಾಗಿಲಲ್ಲಿ ಇಬ್ಬರಿದಾರೆ ಅಂತ. ಆ ಇಬ್ಬರನ್ನ ತೆಗೆದು ಒಂದು ದಿನ ಒಳಗೆ ಹೋಗಿ ಬನ್ನಿ, ಆಮೇಲೆ ಶೂರತನ ಹೇಳಿ."

"ಅತ್ತಿಗೆ, ಮಾತು ಮೀರ್ತಿದೆ."

"ಮೀರ್ಲಿ. ಅಳೀತೀರಲ್ಲ, ಯಾವುದು ಗಟ್ಟಿ, ಯಾವುದು ಮೆತ್ತಗೆ ಅಂತ. ಅಳೆಯೋಕೆ ನಿಮಗೆ ಹೆಣ ಬೇಕು. ಹೆಣ ಬಿದ್ದ ಮೇಲೂ ಇದು ಲೆಕ್ಕಕ್ಕಿಲ್ಲ, ಚಿಕ್ಕ ಪ್ರಾಣಿ ಮಾಡಿದ್ದು ಅಂತೀರಿ. ಇನ್ನೊಂದು ಹೆಣ ಬಿದ್ರೆ ಒಪ್ತೀರಾ?"

ಇದನ್ನು ಹೇಳುವಾಗ ಅವಳು ತಿರುಗಿ ಅವನ ಮುಖ ನೋಡಿದಳು. ನೋಡಲೇಬೇಕಿತ್ತು. ಇಷ್ಟು ದಿನದಿಂದ ಎದೆಯಲ್ಲಿ ಕೂತ ಮಾತನ್ನು ಹಲಗೆಗೆ ಹೇಳಲಾಗುತ್ತದೆಯೇ? ಅವನೂ ಅವಳನ್ನೇ ನೋಡುತ್ತಿದ್ದ. ಹೇಳಬೇಕೆಂದಿದ್ದ ಉತ್ತರ ಅವನ ತುಟಿಯ ಮೇಲೇ ಇತ್ತು.

"ಅಕ್ಕಾ" ಎಂದು ಕೇಳಿಸಿತು. ಕೂಗಿನಂತಿರಲಿಲ್ಲ. ಉಸಿರು ಸಿಕ್ಕಿಕೊಂಡವನು ಹೇಳಿದ ಹಾಗಿತ್ತು.

ಹುಲಿಯಣ್ಣ ಅವಳನ್ನು ಒಂದು ಕೈಯಲ್ಲಿ ಪಕ್ಕಕ್ಕೆ ತಳ್ಳಿದ. ಅವಳಿಗೆ ಕಂಡದ್ದು ಚೂರುಚೂರು: ಬಾಗಿಲ ಬಳಿಯ ತೊಟ್ಟಿಯ ಪಕ್ಕ ಬಿದ್ದು ಏಳುತ್ತಿದ್ದ ತಮ್ಮ, ಅವನ ಹಿಂದೆ ತಗ್ಗಿಸಿದ ಕೊಂಬು, ಕೊಂಬಿಗೆ ಸಿಕ್ಕಿ ಜೋಲಾಡುತ್ತಿದ್ದ ಅವನ ಅಂಗಿಯ ಚೂರು. ಹುಲಿಯಣ್ಣ ಅರ್ಧ ಒಳಗೆ ಹೋಗಿ, ಕೈಗೆ ಸಿಕ್ಕ ಕೊರಳಪಟ್ಟಿ ಹಿಡಿದು ಅವನನ್ನು ಮೂಟೆಯಂತೆ ಓಣಿಗೆ ಎಳೆದ. ಬಾಗಿಲಿಗೆ ಭುಜ ಕೊಟ್ಟ. ಅಗುಳಿ ಬಿತ್ತು. ಅದೇ ಕ್ಷಣ ಹಲಗೆಗೆ ಗಾಡಿ ಗುದ್ದಿದಂಥ ಸದ್ದು, ಆಮೇಲೆ ಮತ್ತೊಮ್ಮೆ. ಎರಡನೆಯ ಸಲಕ್ಕೆ ಹಲಗೆ ಸೀಳಿ ಕೊಂಬಿನ ತುದಿ ಈಚೆ ಕಾಣಿಸಿಕೊಂಡು ಹಿಂದೆ ಹೋಯಿತು.

ಮೂವರೂ ಓಣಿಯಲ್ಲಿ ಒಬ್ಬರ ಮೇಲೊಬ್ಬರು ಎಂಬಂತೆ ಕೂತಿದ್ದರು. ತಮ್ಮನ ಬೆನ್ನಿನ ಮೇಲೆ ಉದ್ದಕ್ಕೆ ಒಂದು ಗೀರು, ತೊಡೆಯ ಹತ್ತಿರ ಪ್ಯಾಂಟು ಹರಿದು ರಕ್ತ ಜಿನುಗುತ್ತಿತ್ತು. ಅವಳು ಸೆರಗಿನಿಂದ ಒತ್ತಿ ಹಿಡಿದಳು. ಗಾಯ ಆಳವಿರಲಿಲ್ಲ. ದೇವರೇ, ಆಳವಿಲ್ಲ, ಆಳವಿಲ್ಲ ಎಂದು ಮತ್ತೆ ಮತ್ತೆ ಹೇಳಿಕೊಂಡಳು.

"ಕೂಗ್ಲಿಲ್ವಲ್ಲೋ ಮೊದಲೇ" ಎಂದ ಹುಲಿಯಣ್ಣ.

"ನಾನು ನೋಡಿದ್ರೆ ತಾನೇ ಕೂಗೋದು" ಎಂದ ತಮ್ಮ. "ನೋಡೋಕೆ ನೀವಿಬ್ಬರು ಇದ್ರಲ್ಲ."

ಅವನು ಚುಚ್ಚಲೆಂದು ಹೇಳಿರಲಿಲ್ಲ. ಆದರೂ ಇಬ್ಬರೂ ತಲೆ ತಗ್ಗಿಸಿದರು. ಕರಡಿಯಕ್ಕನ ಕೋಪಕ್ಕೆ ಮೊದಲ ಬಾರಿಗೆ ತನ್ನದೇ ಮುಖ ಎದುರು ನಿಂತಿತು. ಅಳೆಯಬೇಡಿ ಎಂದು ಹೇಳಲು ಹೊರಟವಳು ತಾನೂ ಆ ವಾದಕ್ಕೇ ಬಿದ್ದು, ಅಗುಳಿ ಕೈಯಲ್ಲಿದ್ದಾಗ ಕಣ್ಣನ್ನು ವಾದಕ್ಕೆ ಕೊಟ್ಟಿದ್ದಳು.

ಹುಲಿಯಣ್ಣ ಏಳಲು ಗೋಡೆಗೆ ಕೈಯೂರಿದ. ಎದ್ದು, ಸೀಳಿದ ಹಲಗೆಯ ಸಂದಿಯಿಂದ ಒಳಗೆ ನೋಡಿದ. "ಸದ್ದೇ ಮಾಡ್ಲಿಲ್ಲ ಅತ್ತಿಗೆ ಅದು" ಎಂದ. "ಒಂದು ಗುಟುರು ಇಲ್ಲ, ಏನಿಲ್ಲ."

"ಅವತ್ತೂ ಮಾಡಿರಲ್ಲ" ಎಂದಳು.

ಅವನು ತಮ್ಮನ ತೋಳಿಗೆ ಹೆಗಲು ಕೊಟ್ಟು ಔಷಧಿ ಕೋಣೆಗೆ ಕರೆದುಕೊಂಡು ಹೋದ. ಸೀಳಿದ ಹಲಗೆಯ ಮುಂದೆ ಅವಳು ಒಬ್ಬಳೇ ಸ್ವಲ್ಪ ಹೊತ್ತು ಕೂತಳು. ಆಚೆ ಕಡೆ ಜಿಂಕೆ ಹುಲ್ಲು ಜಗಿಯುವ ಸದ್ದು ಕೇಳುತ್ತಿತ್ತು.

ತಮ್ಮ ಎರಡು ದಿನ ಮಲಗಿ ಎದ್ದ. ಮೂರನೆಯ ಬೆಳಗ್ಗೆ ಕುಂಟುತ್ತಲೇ ಕೆಲಸಕ್ಕೆ ಹೊರಟ, ಅವಳೂ ಹೊರಟಳು. ಅವರು ಜಿಂಕೆ ಅಂಗಳಕ್ಕೆ ಬರುವಷ್ಟರಲ್ಲಿ ಹೊರಬಾಗಿಲು ತೆರೆದಿತ್ತು. ಸೀಳಿದ ಹಲಗೆಯ ಮೇಲೆ ಹೊಸ ಪಟ್ಟಿ ಹೊಡೆದಿತ್ತು. ಓಣಿಯಲ್ಲಿ ಹುಲಿಯಣ್ಣ ಅಗುಳಿ ಎತ್ತಿ ಹಿಡಿದು ನಿಂತಿದ್ದ. ಹುಲಿಯ ಬಾಗಿಲಲ್ಲಿ ನಿಲ್ಲುವ ಇಬ್ಬರಲ್ಲಿ ಒಬ್ಬನನ್ನು ಹಿಂದೆ ನಿಲ್ಲಿಸಿಕೊಂಡಿದ್ದ, ಕೆಲಸ ಕಲಿಸುವವನ ಹಾಗೆ. ಬೇಲಿಯ ಹತ್ತಿರ ಕೋತಿಯವನೂ ಮೊಸಳೆಯೂ ನಿಂತಿದ್ದರು. ನಗುತ್ತಿರಲಿಲ್ಲ.

"ಸಾಹೇಬರ ಒಪ್ಪಿಗೆ ಬಂತಾ?" ಎಂದು ಅವಳು ಕೇಳಿದಳು.

"ಮಾತಾಡಿಸ್ಬೇಡಿ ಅತ್ತಿಗೆ" ಎಂದ ಅವನು, ತಿರುಗದೆ. "ನೋಡ್ತಿದೀನಿ."

ತಮ್ಮ ಒಳಗೆ ಹೋದ. ಅವಳು ಬಾಯಿಗೆ ಸೆರಗು ಒತ್ತಿಕೊಂಡು ನಿಂತಳು. ಹೊರೆ ಬಿಚ್ಚುವ ಸದ್ದು, ತೌಡು ಸುರಿಯುವ ಸದ್ದು, ಬರುವ ಹೆಜ್ಜೆ. ಅವನು ಹೊರಗೆ ಬಂದು, ಅಗುಳಿ ಬಿದ್ದು, ಅದು ಸರಿಯಾಗಿ ಕೂತಿದೆಯೇ ಎಂದು ಎರಡು ಸಲ ಅಲುಗಿಸಿ ನೋಡಿದ ಮೇಲೆಯೇ ಹುಲಿಯಣ್ಣ ಉಸಿರು ಬಿಟ್ಟು ಅವಳ ಕಡೆ ತಿರುಗಿದ.

"ಒಪ್ಪಿಗೆ ಬಂದಾಗ ಬರ್ಲಿ. ನನ್ನ ಇಬ್ಬರಲ್ಲಿ ಒಬ್ಬ ಇನ್ಮೇಲೆ ಇಲ್ಲಿ. ಪಟದ ಕೆಳಗೆ ನೀವು ಹೇಳಿದ್ದನ್ನೇ ಬರೆಯೋಕೆ ಹೇಳಿದೀನಿ." ಬೇಲಿಯ ಕಡೆ ಒಮ್ಮೆ ನೋಡಿ, ಅಲ್ಲಿದ್ದವರಿಗೂ ಕೇಳಿಸುವಂತೆ ಸೇರಿಸಿದ. "ಏನೇ ಹೇಳಿ, ಹುಲಿ ಹುಲಿನೇ."

ಅವಳಿಗೆ ಮತ್ತೆ ಮೈ ಉರಿಯಿತು. ಹೇಳಲು ಬೇಕಾದಷ್ಟು ಮಾತು ನಾಲಿಗೆಯ ತುದಿಗೆ ಬಂತು.

"ಇರ್ಲಿ" ಎಂದಳು. "ನಾಳೆ ನೀವು ಬರ್ತೀರೋ, ಇವನನ್ನ ಕಳಿಸ್ತೀರೋ? ಅದನ್ನ ಹೇಳಿ."